ಬೂದಿ ಗೇಟು

ಬೈಬಾಯ್ ಕೇರಿ
ಮೇ ೧೯

ಕುಂಪಾರೆ ರುಪೆರ್ತೊ,

ಕೈಬರಹ ನೋಡಿಯೇ ಯಾರೆಂದು ಗೊತ್ತಾಗಿರುತ್ತದೆ. ಹರಿದು ಹಾಕುವುದಿದ್ದರೆ ಓದಿ ಆಮೇಲೆ ಹರಿ. ಆರು ವರ್ಷ ಮಾತಿಲ್ಲದವನು ಈಗ ಬರೆಯುತ್ತಿದ್ದಾನೆಂದರೆ ಏನೋ ಕೆಲಸವಿರಬೇಕು ಅಂದುಕೊಳ್ಳುತ್ತೀಯ. ಹೌದು, ಇದೆ. ಫೋನ್ ಮಾಡಬಹುದಿತ್ತು. ಆದರೆ ಟರ್ಬೈನ್ ಮನೆಯಲ್ಲಿ ಜೀವಮಾನ ಕಳೆದ ಇಬ್ಬರು ಕಿವುಡರು ಫೋನಿನಲ್ಲಿ ಕೂಗಾಡಿದರೆ ಕೇಳಿಸುವುದು ಅಕ್ಕಪಕ್ಕದವರಿಗೆ ಮಾತ್ರ.

ಅವತ್ತು ಕ್ಯಾಂಟೀನಿನಲ್ಲಿ ನಾನು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರೆದದ್ದಲ್ಲ ಇದು. ನೀನು ಮ್ಯಾನೇಜರನ ಪಕ್ಕ ನಿಂತು ಸ್ಥಾವರ ಮುಚ್ಚುವ ನೋಟೀಸು ಓದಿದ್ದು ನಿಜ, ನಾನು ನಿನ್ನನ್ನು ಸಾಕುನಾಯಿ ಅಂದದ್ದೂ ನಿಜ. ಎರಡೂ ಇದ್ದಲ್ಲೇ ಇರಲಿ. ಆದರೂ ನನ್ನ ಮಗಳನ್ನು ಜ್ಞಾನಸ್ನಾನಕ್ಕೆ ಎತ್ತಿ ಹಿಡಿದವನು ನೀನು, ನೀನು ನನ್ನ ಕುಂಪಾರೆ. ಆ ಸಂಬಂಧವನ್ನು ಬಿಡಿಸಲು ಪಾದ್ರಿಗೂ ಬರುವುದಿಲ್ಲ. ನನ್ನ ಹೆಂಡತಿ ಪುರಿಂಗ್ ಸತ್ತಾಗ ನೀನು ಬರಲಿಲ್ಲ. ನಾನು ಹೇಳಿ ಕಳಿಸಿರಲಿಲ್ಲ ಅನ್ನುವುದೂ ಸರಿಯೇ.

ವಿಷಯಕ್ಕೆ ಬರುತ್ತೇನೆ. ನಮ್ಮ ಕಲ್ಲಿದ್ದಲು ಸ್ಥಾವರವನ್ನು ಹೊಸ ಕಂಪನಿಯೊಂದು ಕೊಂಡಿದೆ. ಬಾಯ್ಲರು ಕಿತ್ತು, ಅಂಗಳದ ತುಂಬ ಬ್ಯಾಟರಿ ಇಡುತ್ತಾರಂತೆ. ಟಾರ್ಚಿನ ಬ್ಯಾಟರಿಯಲ್ಲ ಮಾರಾಯ, ಹಡಗಿನಲ್ಲಿ ಬರುವ ಕಂಟೇನರಿನಷ್ಟು ದೊಡ್ಡ ಪೆಟ್ಟಿಗೆಗಳು, ಸಾಲು ಸಾಲು. ಹಗಲು ಬಿಸಿಲಿನ ಕರೆಂಟು ತುಂಬಿಸಿಟ್ಟು ಕತ್ತಲಾದ ಮೇಲೆ ಊರಿಗೆ ಬಿಡುವುದಂತೆ. ಒಳ್ಳೆಯದೇ ಇರಬಹುದು. ಹೊಗೆಯಿಲ್ಲ, ಬೂದಿಯಿಲ್ಲ. ಹೊಗೆಯಿಲ್ಲದ ಕಡೆ ಬೆಂಕಿಯೂ ಇಲ್ಲವೆಂದು ಹೇಳಲು ಒಬ್ಬ ಹುಡುಗನನ್ನು ಸಂಬಳ ಕೊಟ್ಟು ಇಟ್ಟಿದ್ದಾರೆ.

ನಮ್ಮ ಕೇರಿ ನಿನಗೆ ನೆನಪಿದೆಯಲ್ಲ? ಮುಂದೆ ಸಮುದ್ರ, ಬೆನ್ನಿಗೆ ಸ್ಥಾವರದ ಗೋಡೆ. ಉಬ್ಬರ ಬಂದರೆ ದಂಡೆಯ ದಾರಿ ನೀರಿನಡಿಗೆ ಹೋಗುತ್ತದೆ. ಸ್ಥಾವರ ಮುಚ್ಚಿದಾಗಿನಿಂದ ನಾವೆಲ್ಲ ಬೂದಿ ಲಾರಿಗಳು ಓಡಾಡುತ್ತಿದ್ದ ಆ ಹಿಂದಿನ ಗೇಟಿನಿಂದ ಒಳಹೊಕ್ಕು, ಅಂಗಳ ದಾಟಿ ಹೆದ್ದಾರಿಗೆ ಹೋಗುತ್ತಿದ್ದೇವೆ. ಹೆರಿಗೆಗೆ ಹೋಗುವವರು, ಶಾಲೆಯ ಮಕ್ಕಳು, ಶವ, ಮೀನು, ಎಲ್ಲಕ್ಕೂ ಅದೇ ದಾರಿ. ಈಗ ಆ ಪೆಟ್ಟಿಗೆಗಳು ಬಂದು ಕೂರುವುದು ಅಲ್ಲೇ. ಬೂದಿ ಗೇಟು ಮುಚ್ಚಿದರೆ, ನವೆಂಬರಿನ ಗಾಳಿ ಬೆಟ್ಟದ ಕಡೆಯಿಂದ ನಮ್ಮ ಮೇಲೆ ಬೀಸುವಾಗ ಒಂದು ಪೆಟ್ಟಿಗೆ ಹೊತ್ತಿಕೊಂಡರೆ, ನಾವು ಓಡುವುದು ಎಲ್ಲಿಗೆ?

ನಿನಗೆ ಯಂತ್ರ ಗೊತ್ತು. ನಾನು ಓದಿದ್ದು ಎರಡು ವರ್ಷದ ಕಾಲೇಜು, ಅದರಲ್ಲಿ ಒಂದು ವರ್ಷ ಪುರಿಂಗಳ ಹಿಂದೆ ಸುತ್ತಿದ್ದು. ನಿಜ ಹೇಳು, ಇವು ಉರಿಯುತ್ತವೆಯೇ?

ಇಂತಿ,
ಸಿಂಡೊ

*

ಕೂಯೊ ದ್ವೀಪ
ಜೂನ್ ೧೧

ಸಿಂಡೊ,

ಕಾಗದ ಬಂತು. ಹರಿದಿಲ್ಲ.

ಪುರಿಂಗಳ ವಿಷಯ ನನಗೆ ತಿಳಿದದ್ದು ಮೂರು ತಿಂಗಳಾದ ಮೇಲೆ, ಹಡಗಿನವನ ಬಾಯಿಂದ. ಅದರ ಬಗ್ಗೆ ಹೆಚ್ಚು ಬರೆಯಲಾರೆ.

ಬ್ಯಾಟರಿ ಬಾಂಬಲ್ಲ. ಒಂದು ಪೆಟ್ಟಿಗೆ ಹೊತ್ತಿಕೊಳ್ಳುವುದು ಅಪರೂಪ. ಹೊತ್ತಿಕೊಂಡರೆ ಆರಿಸುವುದು ಕಷ್ಟ, ಅದು ಉರಿದು ಮುಗಿಯಲೆಂದು ಬಿಟ್ಟು ಪಕ್ಕದ ಪೆಟ್ಟಿಗೆಗಳಿಗೆ ನೀರು ಹೊಡೆಯುತ್ತಾರೆ. ಹೊಗೆ ವಿಷ. ಹಾಗಾಗಿ ಉರಿಯುತ್ತದೆಯೇ ಎಂದು ಕೇಳಿ ಕಾಲ ಕಳೆಯಬೇಡ, ಅದಕ್ಕೆ ಅವರ ಹತ್ತಿರ ಚೆಂದದ ಉತ್ತರ ಇರುತ್ತದೆ. ಗೇಟು ಕೇಳು. ಗೇಟು ಮಾತ್ರ ಕೇಳು. ನೀನು ಹತ್ತು ವಿಷಯ ಬೆರೆಸಿ ಕೂಗಾಡಿದರೆ ಅವರು ಒಂಬತ್ತನ್ನು ಒಪ್ಪಿಕೊಂಡು ಹೋಗುತ್ತಾರೆ.

ಇಲ್ಲಿ ಗೋಡಂಬಿ ಮುಗಿಯಿತು. ಕಣ್ಣಿನ ಪೊರೆ ತೆಗೆಸಿಕೊಂಡೆ, ಈಗ ನಿನ್ನ ಕೆಟ್ಟ ಅಕ್ಷರವೂ ಕಾಣುತ್ತದೆ.

ರುಪೆರ್ತೊ

*

ಬೈಬಾಯ್ ಕೇರಿ
ಜುಲೈ ೮

ಕುಂಪಾರೆ,

ಗೇಟು ಮಾತ್ರ ಕೇಳಿದೆ. ಆಣೆ ಮಾಡಿ ಹೇಳುತ್ತೇನೆ, ಸುಮಾರಾಗಿ ಗೇಟು ಮಾತ್ರ.

ಸಭೆ ಬಾಸ್ಕೆಟ್‌ಬಾಲ್ ಅಂಗಳದಲ್ಲಿತ್ತು. ದೊಡ್ಡ ಬ್ಯಾನರು, ಅದರಲ್ಲಿ ನಗುವ ಮೀನುಗಾರ. ಅಂಥ ಹಲ್ಲಿರುವ ಮೀನುಗಾರ ಈ ದಂಡೆಯಲ್ಲಿ ಯಾವನೂ ಇಲ್ಲ. ನಮ್ಮನ್ನೆಲ್ಲ ಸ್ಟೇಕ್‌ಹೋಲ್ಡರ್ ಎಂದು ಕರೆದರು. ಸ್ಟೇಕ್ ಅಂದರೆ ಗೂಟವೆಂದು ಕಾಲೇಜಿನಲ್ಲಿ ಓದಿದ ನೆನಪು. ಗೂಟ ಹಿಡಿದುಕೊಂಡವರು ನಾವು, ಎಮ್ಮೆ ಯಾರದೋ. ಕುಳಿತವರಿಗೆಲ್ಲ ಕೋಳಿ, ಅನ್ನದ ಪೊಟ್ಟಣ ಹಂಚಿದರು. ಮೀನು ಮಾರುವ ಬೆಬಂಗ್ ಇದ್ದಾಳಲ್ಲ, ಪೊಟ್ಟಣ ಬಿಚ್ಚುವ ಮೊದಲೇ ಎದ್ದು ನಿಂತಳು.

"ಕೈ ಎತ್ತೋದು ತಿನ್ನೋಕೆ ಮುಂಚೆನಾ, ತಿಂದ್ಮೇಲಾ?"

"ಕೈಗೀ ಎತ್ತೋದೇನೂ ಇಲ್ಲ ಮನಾಂಗ್, ಪ್ರಶ್ನೆ ಕೇಳಿ ಸಾಕು," ಅಂದ ಕಂಪನಿಯ ಹುಡುಗ.

"ಹಂಗಾದ್ರೆ ಇನ್ನೊಂದು ಪೊಟ್ಟಣ ಕೊಡು. ನಂದು ಎರಡು ಪ್ರಶ್ನೆ ಅವೆ."

ಜನ ನಕ್ಕರು, ಅವನೂ ನಕ್ಕು ಕೊಟ್ಟೇಬಿಟ್ಟ. ಹುಡುಗನ ಹೆಸರು ರೋಮ್ನಿಕ್. ಹುಡುಗ ಅನ್ನುತ್ತೇನೆ, ಮೂವತ್ತು ದಾಟಿದೆ. ಊರಿನ ಜೊತೆ ಮಾತಾಡುವುದೇ ಅವನ ಉದ್ಯೋಗ. ಅಂಥ ಉದ್ಯೋಗವೊಂದು ಇದೆಯೆಂದರೇ ನನಗೆ ಅನುಮಾನ. ಗೇಟಿನ ಮಾತು ಎತ್ತಿದಾಗ ತಲೆಯಾಡಿಸಿ, "ನೋಟೆಡ್ ಮನೊಂಗ್," ಅಂದ. ನಾನು ಮನೊಂಗ್, ಬೆಬಂಗ್ ಮನಾಂಗ್, ಎಲ್ಲರಿಗೂ ಅಣ್ಣ, ಅಕ್ಕ ಅನ್ನುವ ಬಾಯಿ ಅವನದು. ಬೆಬಂಗ್ ಕೇಳಿದಾಗಲೂ ನೋಟೆಡ್. ನೋಟೆಡ್ ಅಂದರೆ ಬರೆದುಕೊಂಡೆ ಅಂತ. ಮಾಡುತ್ತೇನೆ ಅಂತಲ್ಲ.

ಇದು ಇಲ್ಲಿಗೆ ನಿಂತಿದ್ದರೆ ಸರಿಯಿತ್ತು. ನಿನ್ನೆ ಸಂಜೆ ಅವನೊಬ್ಬನೇ ನನ್ನ ಮನೆಗೆ ಬಂದ. ಬಾಳೆಲೆಯ ಮೇಲೆ ಸುಟ್ಟ ಅಕ್ಕಿ ಕೇಕು ತಂದಿದ್ದ. ಕಾಫಿ ನಾನೇ ಮಾಡುತ್ತೇನೆ ಕೂತಿರಿ ಅಂದ. ಮಾಡಿ, ನನ್ನ ಲೋಟಕ್ಕೆ ಸಕ್ಕರೆ ಹಾಕದೆ ಒಂದು ಚಿಟಿಕೆ ಉಪ್ಪು ಹಾಕಿದ! ರುಪೆರ್ತೊ, ನಾನು ಉಪ್ಪಿನ ಕಾಫಿ ಕುಡಿಯುವುದು ಟರ್ಬೈನ್ ಮನೆಯ ನಮ್ಮ ಪಾಳಿಯವರಿಗೆ ಬಿಟ್ಟರೆ ಪುರಿಂಗಳಿಗೆ ಮಾತ್ರ ಗೊತ್ತಿತ್ತು. ಪುರಿಂಗ್ ಯಾರಿಗೂ ಹೇಳುವ ಹಾಗಿಲ್ಲ.

ಆಮೇಲೆ ಟೊಪ್ಪಿ ಕೈಯಲ್ಲಿ ತಿರುಗಿಸುತ್ತ ಅಂದ, "ಮನೊಂಗ್, ನಂಗೆ ಹೆಣ್ಣುಮಗು ಆಗಿದೆ. ಆಗಸ್ಟಲ್ಲಿ ಜ್ಞಾನಸ್ನಾನ. ನೀವು ಜ್ಞಾನತಂದೆ ಆಗ್ಬೇಕು."

ನಾನೂ ಪುರಿಂಗೂ ಜ್ಞಾನಸ್ನಾನಕ್ಕೆಂದು ನಮ್ಮ ಬಳಿ ಬಂದ ಮಗುವನ್ನು ಒಂದು ಸಲವೂ ಬೇಡವೆಂದವರಲ್ಲ. ಬೇಡವೆಂದರೆ ಆ ಮಗುವಿಗೆ ಒಳ್ಳೆಯದಾಗುವುದಿಲ್ಲ ಅನ್ನುವುದು ಇವನಿಗೂ ಗೊತ್ತು, ಅವನ ಕಂಪನಿಗೂ ಗೊತ್ತು. ಒಪ್ಪಿಕೊಂಡರೆ ಅವನು ನನ್ನ ಕುಂಪಾರೆಯಾಗುತ್ತಾನೆ. ಕುಂಪಾರೆಯ ವಿರುದ್ಧ ಸಭೆಯಲ್ಲಿ ನಿಂತು ಮಾತಾಡುವವನು ಎಂಥ ಮನುಷ್ಯ? ಬೆಬಂಗ್ ಬೇಲಿಯಾಚೆಯಿಂದಲೇ ಕೇಳಿಸಿಕೊಂಡಿದ್ದಳು. "ಅಬ್ಬಾ ಮನೊಂಗ್! ನಮಗೆ ಕೋಳಿ, ನಿಮಗೆ ಕೂಸು. ನಿಮ್ಮ ಬಾಯಿ ಮುಚ್ಚೋದಕ್ಕೆ ಜಾಸ್ತಿ ಬೇಕಾಯ್ತು ನೋಡಿ," ಅಂದಳು.

ನಾನು ಒಪ್ಪಿಕೊಂಡೆ. ಏನು ಮಾಡಲಿ, ಕೂಸಿನ ತಪ್ಪೇನು?

ಈಗ ನನ್ನ ಪ್ರಶ್ನೆ ನಿನಗೆ. ಅವನಿಗೆ ಉಪ್ಪಿನ ವಿಷಯ ಹೇಳಿದವರು ಯಾರು?

ಸಿಂಡೊ

*

ಬೈಬಾಯ್ ಕೇರಿ
ಸೆಪ್ಟೆಂಬರ್ ೨

ರುಪೆರ್ತೊ,

ಎರಡು ತಿಂಗಳಾಗುತ್ತ ಬಂತು, ನಿನ್ನಿಂದ ಉತ್ತರವಿಲ್ಲ. ಹಡಗು ತಪ್ಪಿಲ್ಲ, ವಿಚಾರಿಸಿದ್ದೇನೆ. ಅದನ್ನೇ ಉತ್ತರವೆಂದು ತಿಳಿಯಲೇ?

ಜ್ಞಾನಸ್ನಾನ ಆಯಿತು. ಮಗುವಿನ ಹೆಸರು ಝೈರಾ. ಪಾದ್ರಿ ನೀರು ಹಾಕಿದಾಗ ಅಳಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು, ಇವನ್ಯಾರು ಅನ್ನುವ ಹಾಗೆ. ಆಮೇಲೆ ನನ್ನ ಒಳ್ಳೆಯ ಅಂಗಿಯನ್ನು ನೆನೆಸಿದಳು. ಆ ಅಂಗಿ ಪುರಿಂಗ್ ಹೊಲಿಸಿದ್ದು. ತೊಳೆದಿಲ್ಲ, ಹಾಗೇ ನೇತುಹಾಕಿದ್ದೇನೆ, ಯಾಕೆಂದು ಕೇಳಬೇಡ.

ಊಟ ಅವರ ಬಾಡಿಗೆ ಮನೆಯಲ್ಲಿ. ಸಣ್ಣ ಮನೆ, ಒಂದು ಫ್ಯಾನು. ಹುರಿದ ಶಾವಿಗೆ, ಹಂದಿ. ಕಂಪನಿಯವರು ಒಬ್ಬರೂ ಬಂದಿರಲಿಲ್ಲ. ಇದು ನನಗೆ ವಿಚಿತ್ರವಾಗಿ ಕಂಡಿತು. ಕಂಪನಿಯೇ ಹೂಡಿದ ಆಟವಾದರೆ ಒಬ್ಬನಾದರೂ ಫೋಟೋ ತೆಗೆಸಿಕೊಳ್ಳಲು ಬರಬೇಕಿತ್ತಲ್ಲ? ಆಮೇಲೆ ಅಂದುಕೊಂಡೆ, ಬರದೆ ಇದ್ದದ್ದೇ ಆಟದ ಭಾಗವಿರಬಹುದು. ರೋಮ್ನಿಕನ ಹೆಂಡತಿ ಚಾರಿಸ್ ಅನ್ನುವವಳು ನನ್ನ ತಟ್ಟೆಗೆ ಮತ್ತೆ ಮತ್ತೆ ಬಡಿಸಿದಳು. ಬಡಿಸುತ್ತ, ಕುಂಪಾರೆಯನ್ನು ಮೊಟಕು ಮಾಡಿ ಪಾರೆ ಎಂದು ಕರೆದು ಅಂದಳು, "ಪಾರೆ, ಇವ್ರಿಗೆ ಅಪ್ಪ ಇಲ್ಲ. ಬೈಯೋರು ಯಾರಾದ್ರೂ ಬೇಕಿತ್ತು. ನೀವು ಬೈತಾ ಇರಿ."

ಬೈಯಲು ಬಿಟ್ಟಿ ಸಿಕ್ಕವನು ನಾನೇ ಯಾಕೆ?

ದಾರಿಯಲ್ಲಿ ಬರುವಾಗ ಬೂದಿ ಗೇಟಿನ ಕಂಬಕ್ಕೆ ಯಾರೋ ಕೆಂಪು ಬಣ್ಣದ ಗುರುತು ಹಾಕಿದ್ದು ಕಂಡೆ. ಗೆರೆ, ಬಾಣ, ಒಂದು ಸಂಖ್ಯೆ. ಯಾರು ಹಾಕಿದರೆಂದು ಕೇಳಿದೆ, ಕಾವಲಿನವನು ತನಗೆ ಗೊತ್ತಿಲ್ಲ ಅಂದ. ಗೋಡೆ ಕಟ್ಟುವ ಮೊದಲು ಹೀಗೆ ಗುರುತು ಹಾಕುವುದನ್ನು ನಾನೂ ನೀನೂ ಬೇಕಾದಷ್ಟು ಸಲ ನೋಡಿದ್ದೇವೆ.

ಬರೆ. ಬೈದಾದರೂ ಬರೆ.

ಸಿಂಡೊ

*

ಕೂಯೊ ದ್ವೀಪ
ಸೆಪ್ಟೆಂಬರ್ ೨೯

ಸಿಂಡೊ,

ನಾನೇ ಹೇಳಿದ್ದು.

ಏಪ್ರಿಲ್‌ನಲ್ಲಿ ಕಣ್ಣಿನ ಆಪರೇಷನ್ನಿಗೆ ಇಲೊಯ್ಲೊಗೆ ಬಂದಿದ್ದೆ. ಆ ಹುಡುಗ ಆಸ್ಪತ್ರೆಗೆ ಬಂದ. ಅಂಗಳದಡಿ ಹೂತ ಕೇಬಲ್ಲುಗಳು ಎಲ್ಲಿವೆಯೆಂದು ಕೇಳಲು ಹಳೆಯ ಮೇಸ್ತ್ರಿಗಳನ್ನು ಹುಡುಕುತ್ತಿದ್ದ. ಕೇಬಲ್ಲಿನ ಮಾತು ಮುಗಿದ ಮೇಲೂ ಎದ್ದು ಹೋಗಲಿಲ್ಲ. ಕೇರಿಯಲ್ಲಿ ನಂಬಬಹುದಾದವರು ಯಾರೆಂದು ಕೇಳಿದ. ಒಬ್ಬನಿದ್ದಾನೆ, ಆದರೆ ಅವನು ಯಾರನ್ನೂ ನಂಬುವುದಿಲ್ಲ ಅಂದೆ. ಹತ್ತಿರ ಹೋಗುವುದು ಹೇಗೆ ಅಂದ. ಉಪ್ಪಿನ ಕಾಫಿಯ ವಿಷಯ ಹೇಳಿದೆ. ಮಗು ಹುಟ್ಟಲಿದೆ ಅಂದಾಗ, ಅವನನ್ನು ಜ್ಞಾನತಂದೆ ಮಾಡಿಕೋ ಅಂದವನೂ ನಾನೇ.

ಜೂನ್‌ನಲ್ಲಿ ಇದನ್ನು ಬರೆಯಲಿಲ್ಲ. ಬರೆದಿದ್ದರೆ ಗೇಟಿನ ಮಾತನ್ನು ನೀನು ಓದುತ್ತಲೇ ಇರಲಿಲ್ಲ.

ಕಂಪನಿ ಅವನನ್ನು ಯಾಕೆ ಕಳಿಸಿತೋ ಗೊತ್ತಿಲ್ಲ. ಅವನ ಮನಸ್ಸಿನಲ್ಲಿ ಏನಿತ್ತೋ ಅದೂ ಗೊತ್ತಿಲ್ಲ. ನನ್ನ ಮನಸ್ಸಿನಲ್ಲಿದ್ದದ್ದು ಇಷ್ಟು. ಕಂಪನಿಯ ಹುಡುಗ ಊರಿನವನಿಗೆ ಸುಳ್ಳು ಹೇಳಬಹುದು. ತನ್ನ ಮಗುವನ್ನು ಎತ್ತಿ ಹಿಡಿದವನಿಗೆ ಹೇಳಲಾರ. ಬಾಯಿಗೆ ಬೀಗ ಬಿದ್ದದ್ದು ನಿನಗೆ ಅಂದುಕೊಂಡಿದ್ದೀಯ. ಅಲ್ಲ.

ಆದರೆ ಮನೆಯೊಳಗೆ ಕೇಳು. ಜನರ ನಡುವೆ ಕೇಳಬೇಡ. ಅವನಿಗೂ ಒಲೆ ಉರಿಯಬೇಕು.

ರುಪೆರ್ತೊ

*

ಬೈಬಾಯ್ ಕೇರಿ
ನವೆಂಬರ್ ೧೨

ಕುಂಪಾರೆ ರುಪೆರ್ತೊ,

ಗೇಟು ಉಳಿಯಿತು. ಮೊದಲು ಅದನ್ನು ಬರೆದುಬಿಡುತ್ತೇನೆ.

ಮೊನ್ನೆ ಸರ್ಕಾರದ ಕಡೆಯ ಕೊನೆಯ ಸಭೆ. ನಡೆಸಲು ಮನಿಲಾದಿಂದ ಒಬ್ಬ ಹೆಂಗಸು ಬಂದಿದ್ದರು, ಕನ್ನಡಕ ಮೂಗಿನ ತುದಿಯಲ್ಲಿ, ನಗುವವರಲ್ಲ. ಕಂಪನಿಯ ದೊಡ್ಡವನು ಬಿಳಿ ಅಂಗಿ ಹಾಕಿ ಮೊದಲ ಸಾಲಿನಲ್ಲಿ. ಪರದೆಯ ಮೇಲೆ ಚಿತ್ರಗಳು ಬಂದವು, ಹೋದವು, ಎಲ್ಲದರಲ್ಲೂ ಹುಲ್ಲು ಹಸಿರು. ಗೇಟಿನ ಭಾಗ ಬಂದಾಗಲೆಲ್ಲ ಚಿತ್ರ ಬೇಗ ಬದಲಾಗುತ್ತಿತ್ತು ಅಂತ ನನಗನಿಸಿತು. ಅನಿಸಿದ್ದಷ್ಟೇ ಇರಬಹುದು. ಬೆಬಂಗ್ ಕೇಳಿದಳು, ಕೇರಿಯ ಮುಖ್ಯಸ್ಥ ಕಪಿತಾನ್ ಕೇಳಿದರು. ಉತ್ತರ ಹೇಳಲು ಎದ್ದ ರೋಮ್ನಿಕ್ ಇಬ್ಬರಿಗೂ "ನೋಟೆಡ್" ಅಂದ, ತಲೆ ಎತ್ತದೆ.

ಆಗ ನಾನು ಮೈಕು ತೆಗೆದುಕೊಂಡೆ. ನಿನ್ನ ಕಾಗದ ತಡವಾಗಿ ತಲುಪಿತು ಅಂತ ಬರೆಯಬಹುದು, ಆದರೆ ಅದು ನನ್ನ ಜೇಬಿನಲ್ಲೇ ಇತ್ತು.

"ಪಾರೆ ರೋಮ್ನಿಕ್," ಅಂದೆ.

ಸಭೆಯಲ್ಲಿ ಅವನನ್ನು ಎಲ್ಲರೂ ಸರ್ ಅನ್ನುವುದು. ಬಿಳಿ ಅಂಗಿಯವನು ತಿರುಗಿ ನೋಡಿದ.

"ನಿನ್ನ ಮಗಳು ನನಗೂ ಮಗಳು, ಹೌದಾ?"

"ಹೌದು, ಪಾರೆ."

"ಪಾದ್ರಿ ಮುಂದೆ ಎತ್ತಿ ಹಿಡಿದೋನು ನಾನು. ಅದಕ್ಕೆ ಕೇಳ್ತೀನಿ. ನೋಟೆಡ್ ಅನ್ಬೇಡ ನಂಗೆ. ನಾಳೆ ನಿನ್ನ ಹೆಂಡ್ತೀನ, ಆ ಕೂಸನ್ನ ನಮ್ಮ ಕೇರೀಲಿ ಮಲಗಿಸ್ತೀಯಾ? ನಕ್ಷೇಲಿ ಬೂದಿ ಗೇಟು ಐತಾ, ಇಲ್ವಾ?"

ಅವನು ದೊಡ್ಡವನ ಕಡೆ ನೋಡಲಿಲ್ಲ. ನನ್ನನ್ನೇ ನೋಡಿದ.

"ಇಲ್ಲ ಪಾರೆ. ಅಲ್ಲಿ ಗೋಡೆ ಬರುತ್ತೆ."

"ಮತ್ತೆ ಇಷ್ಟು ದಿನ ನೋಟೆಡ್ ಅಂದ್ಯಲ್ಲ?"

"ಹಾಗನ್ನು ಅಂದಿದ್ರು. ನಾನು ಮೂರು ಸಲ ಬರೆದುಕೊಟ್ಟೆ, ಗೇಟು ಬೇಕು ಅಂತ."

ಆಮೇಲೆ ಆದ ಗದ್ದಲ ಕೇಳಬೇಡ. ಕುರ್ಚಿ ಬಿದ್ದವು. ಬೆಬಂಗ್ ಬಿಳಿ ಅಂಗಿಯವನ ಮೂಗಿನ ಮುಂದೆ ಬೆರಳಾಡಿಸುತ್ತ, "ಕೋಳಿ ಹಾಕಿ ಗೋಡೆ ಕಟ್ತೀಯೇನೋ?" ಅಂತ ಕೂಗಿದಳು. ಸರ್ಕಾರದ ಹೆಂಗಸು ನಕ್ಷೆ ತರಿಸಿ ಮೇಜಿನ ಮೇಲೆ ಹರಡಿಸಿದರು. ಬೂದಿ ಗೇಟು, ಅಲ್ಲಿಂದ ಹೆದ್ದಾರಿಯವರೆಗೆ ಲಾರಿ ಹೋಗುವಷ್ಟು ಅಗಲದ ದಾರಿ, ಹಗಲೂ ರಾತ್ರಿಯೂ ಬೀಗವಿಲ್ಲದೆ. ಇದಿಲ್ಲದೆ ಪರವಾನಗಿ ಇಲ್ಲ ಅಂದರು. ಕೇರಿಯವರು ನನ್ನನ್ನು ಹೆಗಲ ಮೇಲೆ ಹೊರಲು ಬಂದರು, ಸೊಂಟ ನೋವೆಂದು ತಪ್ಪಿಸಿಕೊಂಡೆ. ತೆಂಗಿನ ಕಳ್ಳು ಹರಿಯಿತು.

ಕಂಪನಿಯ ವ್ಯಾನು ಅವನನ್ನು ಬಿಟ್ಟೇ ಹೊರಟುಹೋಯಿತು. ರೋಮ್ನಿಕ್ ಒಬ್ಬನೇ ಬೂದಿ ಗೇಟಿನಿಂದ ಹೆದ್ದಾರಿಯ ಕಡೆ ನಡೆದು ಹೋದ. ಕೂಗಿದೆ. ಕೇಳಿಸಲಿಲ್ಲವೋ ಏನೋ.

ಮನೆಯೊಳಗೆ ಯಾಕೆ ಕೇಳಲಿಲ್ಲವೆಂದು ನೀನು ಕೇಳುತ್ತೀಯ. ಸಭೆಯ ಹಿಂದಿನ ದಿನ ಮಧ್ಯಾಹ್ನ ಅವನು ಮನೆಗೆ ಬಂದಿದ್ದ. ಹೊಸಿಲಲ್ಲಿ ಕುಳಿತು ಎರಡು ಸಲ ಬಾಯಿ ತೆರೆದ. ನಾಳೆ ಸುಮ್ಮನಿರಿ ಅಂತ ಕೇಳಲು ಬಂದಿದ್ದಾನೆ ಅಂದುಕೊಂಡೆ. ಕುಂಪಾರೆ ಕೇಳಿಕೊಂಡರೆ ನಾನು ಇಲ್ಲವೆನ್ನಲಾರೆ. ಅದಕ್ಕೆ ಅವನಿಗೆ ಮಾತಿಗೆ ಸಂದು ಕೊಡದೆ ನನ್ನ ಕಟ್ಟಿಸಿದ ಹಲ್ಲಿನ ಪುರಾಣ ಹೇಳುತ್ತ ಕೂತೆ. ಕಾಫಿ ಮುಗಿಯಿತು, ಎದ್ದು ಹೋದ. ಮೊದಲೇ ಕೇಳಿದ್ದರೆ ಅವನು ಉತ್ತರ ಸಿದ್ಧಮಾಡಿಕೊಂಡು ಬರುತ್ತಿದ್ದ, ಅಲ್ಲವೇ? ಅಲ್ಲವೇ, ರುಪೆರ್ತೊ?

ಸಿಂಡೊ

*

ಕೂಯೊ ದ್ವೀಪ
ನವೆಂಬರ್ ೩೦

ಗೇಟು ಉಳಿದದ್ದು ಸಂತೋಷ. ನಿಜವಾಗಿಯೂ ಸಂತೋಷ.

ಹುಡುಗ ಎಲ್ಲಿದ್ದಾನೆ?

ರುಪೆರ್ತೊ

*

ಬೈಬಾಯ್ ಕೇರಿ
ಡಿಸೆಂಬರ್ ೨೭

ಕುಂಪಾರೆ,

ಹುಡುಗ ಎಲ್ಲಿದ್ದಾನೆಂದು ನೋಡಲು ಹೋಗಿದ್ದೆ.

ಕೆಲಸ ಹೋಯಿತು. ಅದು ನಿನಗೆ ಗೊತ್ತೇ ಇತ್ತು, ಅದಕ್ಕೇ ಅಷ್ಟು ಸಣ್ಣ ಕಾಗದ ಬರೆದೆ. ಬಾಡಿಗೆ ಮನೆ ಬಿಟ್ಟು ಅಂತಿಕೆಯ ಕಡೆ, ಹೆಂಡತಿಯ ತವರಿಗೆ ಹೋಗಿದ್ದರು. ಕ್ರಿಸ್ಮಸ್ಸಿನ ದಿನ ಬೆಳಗಿನಿಂದ ಬಾಗಿಲಲ್ಲೇ ಕೂತಿದ್ದೆ. ನನ್ನ ಜ್ಞಾನಮಕ್ಕಳೆಲ್ಲ ಬಂದರು, ಮೀಸೆ ಬಂದವರೂ ಬಂದರು, ಆಶೀರ್ವಾದಕ್ಕೆ ನನ್ನ ಕೈಯನ್ನು ಹಣೆಗೆ ಒತ್ತಿಕೊಂಡು ಮಿಠಾಯಿ ತಿಂದು ಹೋದರು. ಝೈರಾಳನ್ನು ಕರೆತರಲಿಲ್ಲ. ಮೊದಲ ಕ್ರಿಸ್ಮಸ್ಸಿಗೆ ಮಗುವನ್ನು ಜ್ಞಾನತಂದೆಯ ಮನೆಗೆ ಕರೆತರದವರನ್ನು ನೀನು ಕಂಡಿದ್ದೀಯಾ?

ಮರುದಿನ ನಾನೇ ಹೊರಟೆ. ಜ್ಞಾನತಂದೆ ಮಗುವನ್ನು ಹುಡುಕಿಕೊಂಡು ಹೋಗುವುದು ಉಂಟೇ ಅಂತ ಬೆಬಂಗ್ ಬೈದಳು, ಬೈಯುತ್ತಲೇ ಒಳ್ಳೆಯ ಮೀನು ಆರಿಸಿ ಬುಟ್ಟಿಗೆ ಹಾಕಿ ಕೊಟ್ಟಳು. ಬಸ್ಸಿನಲ್ಲಿ ಎಲ್ಲರೂ ಮೂಗು ಮುಚ್ಚಿಕೊಂಡರು.

ರೋಮ್ನಿಕ್ ಮನೆಯಲ್ಲಿರಲಿಲ್ಲ. ಬಂದರಿನಲ್ಲಿ ಐಸು ಹೊರುವ ಕೆಲಸವಂತೆ. ಚಾರಿಸ್ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತಳು. ಒಳಗೆ ಬನ್ನಿ ಅನ್ನಲಿಲ್ಲ.

"ಅವತ್ತು ಅವ್ರು ನಿಮ್ಮ ಮನೆಗೆ ಯಾಕೆ ಬಂದಿದ್ರು ಗೊತ್ತಾ?" ಅಂದಳು. "ನಕ್ಷೇಲಿ ಗೇಟಿಲ್ಲ ಅಂತ ಹೇಳಕ್ಕೇ ಬಂದಿದ್ರು. ನಾಳೆ ಸಭೇಲಿ ನಕ್ಷೆ ತೋರ್ಸಿ ಅಂತ ಹಠ ಹಿಡೀರಿ, ನನ್ನ ಹೆಸ್ರು ಎತ್ತಬೇಡಿ ಅನ್ನಕ್ಕೆ. ಅಷ್ಟೇ ಸಾಕಿತ್ತು. ಆ ಮೇಡಂ ನೋಡ್ತಿದ್ರು, ಗೇಟೂ ಬರ್ತಿತ್ತು, ನಮ್ಮ ಕೆಲ್ಸಾನೂ ಇರ್ತಿತ್ತು. ನೀವು ಹಲ್ಲಿನ ಕಥೆ ಹೇಳ್ತಾ ಕೂತ್ರಂತೆ."

ನಾನು ಬುಟ್ಟಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದೆ.

"ಸಭೇಲಿ ಕೂಸಿನ ಹೆಸ್ರು ಹಿಡಿದು ಕೇಳಿದ್ರಿ. ಅವ್ರು ನಿಮ್ಮನ್ನ ಬಳಸ್ಕೊಳ್ತಾರೆ ಅಂತ ಅಂದ್ಕೊಂಡ್ರಲ್ಲ, ಪಾರೆ? ಕೂಸನ್ನ ಬಳಸ್ಕೊಂಡಿದ್ದು ಯಾರು?"

ಬುಟ್ಟಿಯನ್ನು ಮುಂದೆ ಚಾಚಿದೆ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು. ಆ ನೋಟ ನನಗೆ ಗುರುತು ಸಿಕ್ಕಿತು ರುಪೆರ್ತೊ. ರೋಮ್ನಿಕ್ ಅಕ್ಕಿ ಕೇಕು ತಂದ ದಿನ ನಾನು ಅವನನ್ನು ಹಾಗೇ ನೋಡಿರಬೇಕು.

"ಈಗ ಏನ್ ಬೇಕಾಗಿ ಬಂದ್ರಿ?"

ಬಸ್ಸಿನಲ್ಲಿ ಬರುವಾಗ ಎಷ್ಟೋ ಉತ್ತರ ಕಟ್ಟಿಕೊಂಡಿದ್ದೆ. ಏನೂ ಬೇಡ ಅಂದರೆ ಅವಳು ನಂಬುವುದಿಲ್ಲ. ನಾನಾಗಿದ್ದರೂ ನಂಬುತ್ತಿರಲಿಲ್ಲ.

ಅವಳು ಮಗುವಿನ ಹಣೆಯನ್ನು ನನ್ನ ಕೈಗೆ ತಾಗಿಸಬೇಕಿತ್ತು, ಎಲ್ಲರೂ ಮಾಡುವ ಹಾಗೆ. ತಾಗಿಸಲಿಲ್ಲ. ಮಗುವಿನ ಒಂದು ಕೈ ಕೆಳಗೆ ಜೋತಾಡುತ್ತಿತ್ತು, ಗೇಣಿಗೂ ಸಣ್ಣ ಕೈ, ಬೆವರಿತ್ತು. ನಾನು ಬಗ್ಗಿ ಆ ಕೈಯನ್ನು ಹಿಡಿದು ನನ್ನ ಹಣೆಗೆ ಒತ್ತಿಕೊಂಡೆ. ಈ ವಯಸ್ಸಿನಲ್ಲಿ, ಬೀದಿಯಲ್ಲಿ, ಅವರ ಅಕ್ಕಪಕ್ಕದವರೆಲ್ಲ ನೋಡುತ್ತಿದ್ದ ಹಾಗೆ.

"ಉಲ್ಟಾ ಮಾಡಿದ್ರಿ," ಅಂದಳು ಚಾರಿಸ್.

"ಗೊತ್ತು," ಅಂದೆ.

ಬುಟ್ಟಿಯನ್ನು ಒಳಗೆ ಒಯ್ಯಲಿಲ್ಲ, ವಾಪಸ್ಸೂ ಕೊಡಲಿಲ್ಲ. ಕಾಲಿನಿಂದ ಅದನ್ನು ನೆರಳಿಗೆ ಸರಿಸಿದಳು. ಅಷ್ಟು ನೋಡಿ ನಾನು ಬಸ್ಸಿಗೆ ಬಂದೆ.

ಇಂತಿ ನಿನ್ನ ಕುಂಪಾರೆ, ಅವನಿಗೂ ಕುಂಪಾರೆ,
ಸಿಂಡೊ